ಉಡಿಯಲ್ಲಿ ಕಟ್ಟಿದ ಗುಳಿಗೆ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಹದಿಮೂರು ವರ್ಷ ಈರುಳ್ಳಿ ಆರಿಸಿದವಳು ಶಿವಗಂಗವ್ವ. ಒಳ್ಳೆಯದನ್ನು ಒಂದು ಕಡೆ, ಕೊಳೆತದ್ದನ್ನು ಇನ್ನೊಂದು ಕಡೆ ಹಾಕುತ್ತ, ಉಗುರಿನ ಸಂದಿಯಲ್ಲಿ ಕೊಳೆತ ರಸ ತುಂಬಿಕೊಂಡೇ ಬುತ್ತಿ ಬಿಚ್ಚಿ ಉಂಡವಳಿಗೆ ಹೇಸಿಗೆ ಎಂದರೇನೆಂದು ಯಾರೂ ಕಲಿಸಬೇಕಿರಲಿಲ್ಲ. ಆದರೂ ಆ ಹದಿಮೂರು ವರ್ಷಗಳಲ್ಲಿ ಅವಳ ಬಾಯಿಂದ ಒಮ್ಮೆಯೂ ‘ಥೂ’ ಬಂದದ್ದಿಲ್ಲ. ಅದು ಶುರುವಾದದ್ದು ಕೆಲಸ ಬದಲಾದ ಮೇಲೆ. ಈಗ ಅವಳಿಗೆ ನಲವತ್ತೈದು. ಎಚ್‌ಐವಿ ಹರಡದಂತೆ ನೋಡಿಕೊಳ್ಳುವ ಒಂದು ಸಣ್ಣ ಸಂಸ್ಥೆಯಲ್ಲಿ ಮನೆಮನೆ ತಿರುಗುವ ಕಾರ್ಯಕರ್ತೆ. ಗುಲ್ಟೇಕಡಿಯ ಓಣಿಗಳಲ್ಲಿ ಅವಳು ಕಾಣಿಸುವ ಮೊದಲು ಅವಳ ‘ಥೂ’ ಕೇಳಿಸುತ್ತದೆ.

ಕೆಲಸ ಹೇಳಲು ಸುಲಭ. ಹಮಾಲರು, ಲಾರಿಯವರು, ಹೊಟೇಲಿನ ಹುಡುಗರು, ಇವರ ಹೆಂಡಂದಿರು, ಎಲ್ಲರನ್ನೂ ಬೆನ್ನು ಹತ್ತಿ ರಕ್ತ ಪರೀಕ್ಷೆಗೆ ಒಪ್ಪಿಸಬೇಕು. ಸೋಂಕು ಇದ್ದವರನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿ ಪುಕ್ಕಟೆ ಸಿಗುವ ಗುಳಿಗೆಯನ್ನು ದಿನಕ್ಕೊಂದರಂತೆ ತಪ್ಪದೆ ನುಂಗಿಸಬೇಕು. ನುಂಗಿದರೆ ರೋಗ ಮೈಯಲ್ಲೇ ಮುದುಡಿ ಕೂರುತ್ತದೆ, ಇನ್ನೊಬ್ಬರಿಗೆ ದಾಟುವುದಿಲ್ಲ. ಬಸುರಿ ನುಂಗಿದರೆ ಕೂಸಿಗೂ ಬಹುತೇಕ ದಾಟುವುದಿಲ್ಲ. ಇಷ್ಟೇ ವಿದ್ಯೆ. ಇಷ್ಟನ್ನು ಜನರ ತಲೆಗೆ ಇಳಿಸುವುದರಲ್ಲಿ ಶಿವಗಂಗವ್ವನ ಎರಡು ಜೊತೆ ಚಪ್ಪಲಿ ಪ್ರತಿ ವರ್ಷ ಸವೆಯುತ್ತವೆ.

ಅವಳಿಗೆ ಅಸಹ್ಯವಾಗುವುದು ರೋಗವಲ್ಲ. ರೋಗ ಪಾಪ, ತನ್ನ ಪಾಡಿಗೆ ತಾನು ಇದೆ. ಅಸಹ್ಯ ಹುಟ್ಟಿಸುವವರು ಮೈ ಗಟ್ಟಿಯಿರುವವರು. ಪ್ರತಿ ಡಿಸೆಂಬರಿಗೆ ಒಂದು ಮೆರವಣಿಗೆ ಹೊರಡುತ್ತದೆ. ಟೋಪಿ, ಕೆಂಪು ರಿಬ್ಬನ್ನು, ಕಾಲೇಜು ಮಕ್ಕಳ ಘೋಷಣೆ, ಕೊನೆಗೆ ಸಮೋಸ. ‘ಮುಟ್ಟಿದರೆ ಬರುವುದಿಲ್ಲ’ ಎಂದು ಬರೆದ ಫಲಕದ ಕೆಳಗೇ ನಿಂತು ಆಸ್ಪತ್ರೆಯ ಗುಮಾಸ್ತ ರೋಗಿಯ ಕಾಗದವನ್ನು ಪೆನ್ನಿನ ತುದಿಯಿಂದ ಈಚೆಗೆ ನೂಕುತ್ತಾನೆ. ಯಾರ್ಡಿನ ಹತ್ತಿರ ಊಟದ ಹೊಟೇಲು ನಡೆಸುವ ಸದಾನಂದ ಶೆಟ್ಟರು ಮೆರವಣಿಗೆಗೆ ನೂರು ಚಹಾ ಪುಕ್ಕಟೆ ಕೊಡುತ್ತಾರೆ, ಫೋಟೋಗೂ ನಿಲ್ಲುತ್ತಾರೆ. ಅವರ ಹೊಟೇಲಿನ ಮಾಳಿಗೆಯಲ್ಲಿ ಮೂವತ್ತು ಹುಡುಗರು ಮಲಗುತ್ತಾರೆ. ಊರಿಗೆ ಹೋಗುವುದು ವರ್ಷಕ್ಕೊಮ್ಮೆ. ಅವರ ರಕ್ತ ಪರೀಕ್ಷೆ ಮಾಡಿಸೋಣ ಎಂದರೆ ಶೆಟ್ಟರು ಎರಡೂ ಕಿವಿ ಮುಟ್ಟಿಕೊಂಡರು.

“ನಮ್ಮ ಮಕ್ಕಳು ಅಂಥವರಲ್ಲ ಮಾರಾಯ್ತಿ. ನೀವು ಬೇರೆ ಕಡೆ ನೋಡಿ” ಎಂದರು.

“ಎಲ್ಲಿ ನೋಡ್ಲಿರಿ? ಬ್ಯಾರೆ ಕಡೆಯವರು ನಿಮ್ಮ ಕಡೆ ಕೈ ಮಾಡ್ತಾರ” ಎಂದಳು ಶಿವಗಂಗವ್ವ. “ದೇಶದ ತುಂಬ ಈ ಬ್ಯಾನಿ ಅದ ಅಂತಾರ. ಯಾರ ಮನಿಗೆ ಹೋದ್ರೂ ನಮ್ಮಲ್ಲಿಲ್ಲ ಅಂತಾರ. ಹಂಗಾದ್ರ ಅದು ರಾತ್ರಿ ಎಲ್ಲಿ ಮಲಗತದ್ರಿ, ಸ್ವಾರಗೇಟ್ ಬಸ್‌ಸ್ಟ್ಯಾಂಡಿನ್ಯಾಗ?”

ಶೆಟ್ಟರು ನಕ್ಕು ಅವಳಿಗೊಂದು ಚಹಾ ಕೊಡಿಸಿದರು. ಕಾಗದದ ಕಪ್ಪಿನಲ್ಲಿ. ಅಲ್ಲಿದ್ದ ಉಳಿದವರೆಲ್ಲ ಗಾಜಿನ ಲೋಟದಲ್ಲಿ ಕುಡಿಯುತ್ತಿದ್ದರು. ಅವಳು ಆ ಕಪ್ಪನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಬಂದಳು.

ಕಾಗದದ ಕಪ್ಪಿಗೆ ಕಾರಣವಿತ್ತು. ಶಿವಗಂಗವ್ವನ ರಕ್ತದಲ್ಲೂ ಎಚ್‌ಐವಿ ಇದೆ, ಮತ್ತು ಅದನ್ನು ಅವಳು ಯಾರಿಂದಲೂ ಮುಚ್ಚಿಟ್ಟಿಲ್ಲ. ಗಂಡ ಮಹಾಲಿಂಗ ಅದೇ ಯಾರ್ಡಿನಲ್ಲಿ ಹಮಾಲನಾಗಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಅವನಿಗೆ ರೋಗ ಇದೆಯೆಂದು ಡಾಕ್ಟರು ಅವನಿಗೆ ಹೇಳಿದರು. ಅವನು ತನ್ನ ತಾಯಿಗೆ ಹೇಳಿದ. ತಾಯಿ ದೇವರಿಗೆ ಹೇಳಿದಳು. ಬಸುರಿಯಾಗಿದ್ದ ಶಿವಗಂಗವ್ವನಿಗೆ ಮಾತ್ರ ಯಾರೂ ಹೇಳಲಿಲ್ಲ. ಕುಬುಸ ಮಾಡಿ, ಹಸಿರು ಬಳೆ ಇಡಿಸಿ, ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸಿದರು. ಹುಟ್ಟಿದ ಹೆಣ್ಣುಕೂಸು ಎರಡು ವರ್ಷ ನಾಲ್ಕು ತಿಂಗಳು ಬದುಕಿತು. ಅಷ್ಟರಲ್ಲಿ ಗಂಡನೂ ಹೋಗಿದ್ದ. ತಾಯಿಯಿಂದ ಕೂಸಿಗೆ ದಾಟದಂತೆ ಕೊಡುವ ಔಷಧ ಅವತ್ತೂ ಅದೇ ಸರಕಾರಿ ಆಸ್ಪತ್ರೆಯ ಕಪಾಟಿನಲ್ಲಿ ಇತ್ತೆಂದು ಅವಳಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ತಿಳಿದ ದಿನ ಅವಳು ಊಟ ಮಾಡಲಿಲ್ಲ. ಸ್ವಲ್ಪ ದಿನದಲ್ಲೇ ಈರುಳ್ಳಿ ಬಿಟ್ಟು ಸಂಸ್ಥೆ ಸೇರಿದಳು.

ಹೀಗಿರುವಾಗ ಹೋದ ವರ್ಷ ಮಂಜರಿ ಸಿಕ್ಕಳು.

ಇಪ್ಪತ್ತೊಂದು ವರ್ಷದ ಹುಡುಗಿ, ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನ ಕಡೆಯವಳು. ಗಂಡ ಪ್ರಜ್ವಲ ಯಾರ್ಡಿನಲ್ಲಿ ಟೆಂಪೋ ಓಡಿಸುತ್ತಾನೆ. ಬಸುರಿಯೆಂದು ಆಸ್ಪತ್ರೆಗೆ ಹೋದಾಗ ಮಾಡುವ ಮೊದಲ ರಕ್ತ ಪರೀಕ್ಷೆಯಲ್ಲೇ ಸೋಂಕು ಗೊತ್ತಾಯಿತು. ಪ್ರಜ್ವಲನನ್ನು ಕರೆಸಿದರು. ಅವನು ತಲೆ ತಗ್ಗಿಸಿ ಕೂತ ರೀತಿ ನೋಡಿಯೇ ಶಿವಗಂಗವ್ವನಿಗೆ ಅರ್ಥವಾಯಿತು. ಅವನಿಗೆ ಮದುವೆಗೆ ಮೊದಲೇ ಗೊತ್ತಿತ್ತು. ಅವನ ತಾಯಿ ಕಾಶೀಬಾಯಿಗೂ ಗೊತ್ತಿತ್ತು. ಹೆಣ್ಣಿನ ಹಲ್ಲು ನೋಡಿದ್ದರು, ನಡಿಗೆ ನೋಡಿದ್ದರು, ಮೂರು ತಲೆಮಾರಿನ ನೆಂಟಸ್ತನ ಕೆದಕಿ ನೋಡಿದ್ದರು. ತಮ್ಮ ಮಗನ ರಕ್ತ ಪರೀಕ್ಷೆಯ ಚೀಟಿಯನ್ನು ಮಾತ್ರ ಟ್ರಂಕಿನ ತಳಕ್ಕೆ ಹಾಕಿ ಅಕ್ಷತೆ ಹಾಕಿಸಿಕೊಂಡಿದ್ದರು.

“ಥೂ” ಎಂದಳು ಶಿವಗಂಗವ್ವ. ಆಸ್ಪತ್ರೆಯ ಆಪ್ತಸಮಾಲೋಚಕಿ ನೀರಜಾ ಅಲ್ಲೇ ಇದ್ದಳು. ಧಾರವಾಡದ ಹೆಂಗಸು, ಒಳ್ಳೆಯವಳೇ, ಆದರೆ ರಜಿಸ್ಟರಿನ ಭಯ ಹೆಚ್ಚು. ರೋಗಿಗಳ ಮುಂದೆ ಹಾಗೆಲ್ಲ ಅನ್ನಬಾರದೆಂದು ಮೆಲ್ಲಗೆ ಗದರಿದಳು.

ಐದು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಮಂಜರಿ ರಾತ್ರಿ ಒಂಬತ್ತಕ್ಕೆ ಗುಳಿಗೆ ನುಂಗುತ್ತಿದ್ದಳು. ಡಾಕ್ಟರು ರಕ್ತ ನೋಡಿ, ರೋಗ ಲೆಕ್ಕಕ್ಕೇ ಸಿಗದಷ್ಟು ಇಳಿದಿದೆ, ಹೀಗೇ ನಡೆದರೆ ಕೂಸು ಚೊಕ್ಕ ಹುಟ್ಟುತ್ತದೆ ಎಂದರು. ಅಷ್ಟರಲ್ಲಿ ಏಳನೆಯ ತಿಂಗಳು ಬಂತು. ಕುಬುಸ, ಅದಾದ ಮೇಲೆ ತವರು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು; ನಮ್ಮ ಕಡೆಯವರು ಆಕಾಶ ಕೆಳಗೆ ಬಿದ್ದರೂ ಇದನ್ನು ಬಿಡುವುದಿಲ್ಲ. ಹಾಗೆ ಹೋಗುವವರಿಗೆ ಆಸ್ಪತ್ರೆಯವರು ಒಂದು ವರ್ಗಾವಣೆ ಪತ್ರವನ್ನೂ ಮೂರು ತಿಂಗಳ ಗುಳಿಗೆಯನ್ನೂ ಕೊಡುತ್ತಾರೆ. ಕಾಶೀಬಾಯಿ ಸೊಸೆಯ ಜೊತೆ ಬಂದು, ಹೂಂ ಹೂಂ ಎಂದು ಎಲ್ಲ ಕೇಳಿ, ಪತ್ರ ಇಸಿದುಕೊಂಡಳು. ಗುಳಿಗೆ ನಾಳೆ ಒಯ್ಯುತ್ತೇನೆ ಎಂದಳು. ಆಸ್ಪತ್ರೆಯ ಮೆಟ್ಟಿಲ ಮೇಲೇ ಪತ್ರವನ್ನು ಹರಿದು ಹಾಕಿದಳು. ಗುಳಿಗೆಗೆ ಬರಲೇ ಇಲ್ಲ.

ಎರಡು ದಿನ ಬಿಟ್ಟು ಮಂಜರಿ ಬಚ್ಚಲಿನಲ್ಲಿ ಬಕೆಟ್ಟಿಗೆ ನೀರು ಬಿಟ್ಟುಕೊಂಡು ಶಿವಗಂಗವ್ವನಿಗೆ ಫೋನು ಮಾಡಿದಳು. ಅವಳನ್ನು ಮರಾಠಿಯವರ ಹಾಗೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು.

“ಮಾವಶಿ, ಅತ್ತಿ ಗುಳಗಿ ಒಯ್ಯಬ್ಯಾಡ ಅಂತಾರ. ತವರಿನವರು ನೋಡಿದ್ರ ನಮ್ಮ ಮಾನ ಹೋಗ್ತದ, ಹಡದು ಬಂದಮ್ಯಾಲೆ ಮತ್ತ ಚಾಲೂ ಮಾಡೂಣು ಅಂತಾರ. ನನ್ನ ಚೀಲ ದಿನಾ ಬಿಚ್ಚಿ ನೋಡಾಕತ್ತಾರ.”

“ನಿಮ್ಮವ್ವಗ ನೀನ ಹೇಳಬಾರದೇನು?”

“ಹೆಂಗ ಹೇಳ್ಲಿ? ಅವ್ವ ಮಡಿ-ಮೈಲಿಗಿ ಭಾಳ ನೋಡ್ತಾಳ. ನಾ ಹೊಲಸ ಆಗೇನಿ ಅಂತ ತಿಳೀತಾಳ. ಗೊತ್ತಾದ್ರ ಬಾವಿ ಬೀಳ್ತಾಳ. ನೀವ ಏನರ ಮಾಡ್ರಿ. ನನ್ನ ಕೂಸಿಗಿ ಆಗಬಾರದ್ರಿ ಇದು.”

ಶಿವಗಂಗವ್ವ ನೀರಜಾಳ ಹತ್ತಿರ ಓಡಿದಳು. ನೀರಜಾ ರಜಿಸ್ಟರು ತೆರೆದು ತೋರಿಸಿದಳು. ಮಂಜರಿಯ ಹೆಸರಿನ ಮುಂದೆ ದುಂಡಗಿನ ಅಕ್ಷರದಲ್ಲಿ ‘ವರ್ಗಾವಣೆಯಾಗಿದೆ’ ಎಂದಿತ್ತು.

“ನಮ್ಮ ಕಡೆಯಿಂದ ಮುಗೀತ್ರಿ, ಶಿವಗಂಗವ್ವ. ಇನ್ನ ಅಕಿ ಆ ಜಿಲ್ಲೆಯವರ ಪೇಶಂಟ್.”

“ಆ ಜಿಲ್ಲೆಯವರಿಗೆ ಅಕಿ ಬಂದದ್ದರ ಗೊತ್ತದೇನ್ರಿ ಬಾಯಾರ?”

ನೀರಜಾ ಕನ್ನಡಕ ತೆಗೆದು ಒರೆಸಿದಳು. ಫೋನು ಮಾಡಿದೆ, ಯಾರೂ ಎತ್ತಲಿಲ್ಲ, ಮೇಲ್ ಹಾಕಿದ್ದೇನೆ ಎಂದಳು. ಎರಡು ರಾಜ್ಯ, ನಡುವೆ ಒಬ್ಬ ಬಸುರಿ. ಇಲ್ಲಿಯ ಪುಸ್ತಕದಿಂದ ಅಳಿಸಿಹೋಗಿದ್ದಾಳೆ, ಅಲ್ಲಿಯ ಪುಸ್ತಕಕ್ಕೆ ಏರಿಲ್ಲ. ವರದಿಯಲ್ಲಿ ಮಾತ್ರ ಎಲ್ಲ ನೂರಕ್ಕೆ ನೂರು. ಶಿವಗಂಗವ್ವನಿಗೆ ತನ್ನ ಕೂಸನ್ನು ತಿಂದದ್ದೂ ಇಂಥದೇ ಒಂದು ಅಚ್ಚುಕಟ್ಟಾದ ಪುಸ್ತಕ ಎನ್ನಿಸಿತು. ನೀರಜಾ ಮಾತ್ರ ಅವಳ ಮುಖ ನೋಡಿ, ಕಾಶೀಬಾಯಿ ಒಯ್ಯದೆ ಬಿಟ್ಟಿದ್ದ ಮೂರು ಡಬ್ಬಿಗಳನ್ನು ಕಪಾಟಿನಿಂದ ತೆಗೆದು ಸಹಿ ಹಾಕಿಸಿಕೊಂಡು ಕೊಟ್ಟಳು.

ಡಬ್ಬಿ ಸಿಕ್ಕವು, ಮುಟ್ಟಿಸುವುದು ಹೇಗೆ? ಮಂಜರಿ ಒಪ್ಪದೆ ಅವಳ ತಾಯಿಗೆ ಶಿವಗಂಗವ್ವ ಒಂದು ಮಾತೂ ಹೇಳುವಂತಿಲ್ಲ. ಅದು ಕಾಯಿದೆ, ಮತ್ತು ಈ ಒಂದು ಕಾಯಿದೆಯ ಬಗ್ಗೆ ಅವಳಿಗೂ ತಕರಾರಿರಲಿಲ್ಲ. ಇಡೀ ರಾತ್ರಿ ಹೊರಳಾಡಿ ಬೆಳಗಿಗೆ ಒಂದು ಉಪಾಯ ಹೊಳೆಯಿತು. ಬಸುರಿಯ ಉಡಿಗೆ ಬಿದ್ದದ್ದನ್ನು ಅತ್ತೆ ಮನೆಯವರು ತೆಗೆಯುವಂತಿಲ್ಲ. ಅವಳು ಸೆರಗಿನಲ್ಲಿ ಕಟ್ಟಿಕೊಂಡೇ ತವರಿಗೆ ಹೋಗಬೇಕು. ಕಾಶೀಬಾಯಿ ಚೀಲ ಬಿಚ್ಚಬಹುದು, ಉಡಿ ಬಿಚ್ಚಲಾರಳು. ಆದರೆ ಉಡಿ ತುಂಬುವವಳು ಮುತ್ತೈದೆಯಾಗಬೇಕು, ಶಿವಗಂಗವ್ವ ವಿಧವೆ. ಇದೇ ಒಳ್ಳೆಯದಾಯಿತು ಎಂದುಕೊಂಡಳು ಅವಳು. ವಿಧವೆ ಉಡಿ ತುಂಬಿದಳು ಎಂಬ ಗದ್ದಲದಲ್ಲಿ ಏನು ತುಂಬಿದಳು ಎಂದು ಯಾರು ನೋಡುತ್ತಾರೆ? ಒಂದು ಹೊಲಸಿನಿಂದ ಇನ್ನೊಂದು ಹೊಲಸನ್ನು ಮುಚ್ಚಿದರಾಯಿತು. ತನ್ನ ಜಾಣತನಕ್ಕೆ ಅವಳೇ ಒಮ್ಮೆ ತಲೆದೂಗಿದಳು.

ಡಬ್ಬಿಗಳ ಮೇಲಿನ ಚೀಟಿ ಕೆರೆದು ತೆಗೆದಳು. ಅಲುಗಾಡಿದರೆ ಸಪ್ಪಳವಾಗದಂತೆ ಮೂರನ್ನೂ ಬಿಗಿಯಾಗಿ ಒಂದು ಹಸಿರು ರವಿಕೆ ಖಣದಲ್ಲಿ ಸುತ್ತಿ ಗಂಟು ಹಾಕಿದಳು.

ಕುಬುಸಕ್ಕೆ ಓಣಿಯ ಹೆಂಗಸರೆಲ್ಲ ಸೇರಿದ್ದರು. ಮಂಜರಿ ಹಸಿರು ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ತಾಯಿ ಬೋರಮ್ಮ, ಇಂಡಿಯಿಂದ ಬುಟ್ಟಿ ತುಂಬ ಹೋಳಿಗೆ, ಕರ್ಚಿಕಾಯಿ ಹೊತ್ತು ತಂದವಳು. ಒಣಕಲು ಮೈ, ಹಣೆಯಲ್ಲಿ ದೊಡ್ಡ ಕುಂಕುಮ, ಯಾರದಾದರೂ ಸೆರಗು ತಾಗಿದರೆ ಸರಿದು ಕೂರುವ ಸ್ವಭಾವ. ಶಿವಗಂಗವ್ವನ ಪಾಲಿಗೆ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ಜಾಗ. ಎಲ್ಲರಿಗೂ ಸ್ಟೀಲಿನ ತಟ್ಟೆ, ಅವಳಿಗೆ ಪತ್ರಾವಳಿ. ಮುತ್ತೈದೆಯರು ಒಬ್ಬೊಬ್ಬರೇ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು ಹಾಕಿ ಹಾಡು ಹೇಳಿದರು. ಹಾಡು ಮುಗಿಯುವ ಹೊತ್ತಿಗೆ ಶಿವಗಂಗವ್ವ ಎದ್ದಳು. ನೆಟ್ಟಗೆ ಹೋಗಿ ಮಂಜರಿಯ ಮುಂದೆ ನಿಂತು ಒಂದು ಹಿಡಿ ಅಕ್ಕಿ, ಅದರ ಮೇಲೆ ಖಣದ ಗಂಟು ಉಡಿಗೆ ಹಾಕಿದಳು.

“ಗಟ್ಟಿ ಹಿಡ್ಕೋ, ತಂಗಿ” ಎಂದಳು.

ಮಂಜರಿ ಎರಡೂ ಕೈಯಿಂದ ಸೆರಗು ಮುಚ್ಚಿದಳು. ಕೋಣೆಯಲ್ಲಿ ಒಮ್ಮೆಲೇ ಕೋಳಿಗೂಡಿಗೆ ಬೆಕ್ಕು ಹೊಕ್ಕ ಹಾಗೆ.

“ಏ ಮುಂಡೇದೆ! ಕೈ ಕಡದು ಬೀಳ್ಲಿ ನಿಂದು! ನನ್ನ ಸೊಸಿ ಉಡಿಗಿ ಕೈ ಹಾಕ್ತಿಯೇನ?” ಕಾಶೀಬಾಯಿ ಒದರಿದಳು. ಗಂಟಿನ ಆಕಾರ ನೋಡಿ ಒಳಗೇನಿದೆ ಎಂದು ಅವಳಿಗೆ ತಿಳಿದಿತ್ತು. ಅದನ್ನು ಬೀಗರ ಎದುರು ಬಿಚ್ಚಿಸುವಷ್ಟು ಹುಚ್ಚಿ ಅವಳಲ್ಲ. ಕೈ ಚಾಚಿದ್ದನ್ನು ಹಿಂದಕ್ಕೆ ತೆಗೆದುಕೊಂಡಳು. ಬೋರಮ್ಮ ಹಣೆ ಹಣೆ ಬಡಿದುಕೊಂಡು, ಮಗಳ ನೆತ್ತಿಯ ಮೇಲೆ ನೀರು ಚಿಮುಕಿಸತೊಡಗಿದಳು. ಯಾರೋ ಪತ್ರಾವಳಿಯನ್ನು ಹೊರಗೆಸೆದರು.

ಬೈಗುಳ ತಿನ್ನುತ್ತಲೇ ಶಿವಗಂಗವ್ವ ಮನೆಗೆ ನಡೆದಳು. ದಾರಿಯುದ್ದಕ್ಕೂ ನಗುತ್ತಿದ್ದಳು. ಈ ಜನರ ಹೇಸಿಗೆ ಒಂದು ದಿನವಾದರೂ ಒಂದು ಒಳ್ಳೆಯ ಕೆಲಸಕ್ಕೆ ಬಂತಲ್ಲ ಎಂದುಕೊಂಡು ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಮರುದಿನ ಬೆಳಗಿನ ಸೊಲ್ಲಾಪುರದ ಬಸ್ಸಿಗೆ ತಾಯಿ ಮಗಳು ಹೊರಟರು. ಹನ್ನೊಂದರ ಸುಮಾರಿಗೆ, ಶಿವಗಂಗವ್ವ ಯಾರ್ಡಿನ ಹಮಾಲರ ನಡುವೆ ಇದ್ದಾಗ, ಮಂಜರಿಯ ಫೋನು ಬಂತು. ಮೊದಲು ಅಳು ಬಿಟ್ಟರೆ ಬೇರೇನೂ ಕೇಳಲಿಲ್ಲ.

“ಮಾವಶಿ, ಇಂದಾಪುರ ಸ್ಟ್ಯಾಂಡಿನ್ಯಾಗ ಇದ್ದೀವಿ. ನಾ ಪಾಯಖಾನಿಗಿ ಹೋಗಿದ್ದೆ, ಉಡಿ ಗಂಟು ಅವ್ವನ ಕೈಯಾಗ ಕೊಟ್ಟಿದ್ದೆ. ಬಂದು ನೋಡಿದ್ರ ಅವ್ವ ಅಕ್ಕಿ ಆಕಳಿಗಿ ಹಾಕ್ಯಾಳ. ಆ ಖಣ ಬಿಚ್ಚಿ ಸೈತ ನೋಡದ ಸ್ಟ್ಯಾಂಡಿನ ಹಿಂದ ತಿಪ್ಪ್ಯಾಗ ಒಗದಾಳ. ಗಂಡ ಸತ್ತ ರಂಡಿ ಮುಟ್ಟಿದ್ದು ನಮ್ಮೂರ ಗಡಿ ದಾಟಬಾರದು ಅಂತಾಳ. ಬಸ್ ಬಿಡಾಕತ್ತದ, ನಾ ಹತ್ತಂಗಿಲ್ಲ ಅಂತ ಕೂತೇನಿ.”

ಶಿವಗಂಗವ್ವ ಈರುಳ್ಳಿ ಚೀಲದ ಮೇಲೆ ಕೂತಳು. ಅವಳಿಗೆ ಮೊದಲು ಬಂದದ್ದು ಬೋರಮ್ಮನ ಮೇಲಿನ ಸಿಟ್ಟಲ್ಲ, ತನ್ನ ಮೇಲಿನ ಅಸಹ್ಯ. ಹನ್ನೆರಡು ವರ್ಷ ಬಾಯಿ ಬಿಚ್ಚಿ ಹೇಳಿರಿ, ಮುಚ್ಚಿಡಬೇಡಿರಿ ಎಂದು ಓಣಿಯೋಣಿ ಕೂಗಿದವಳು, ಹೇಳಿಕೊಳ್ಳಲು ಹುಡುಗಿಗೆ ಧೈರ್ಯ ತುಂಬುವುದು ಬಿಟ್ಟು ಮುಚ್ಚಿಡುವುದರಲ್ಲಿ ಕಾಶೀಬಾಯಿಗಿಂತ ಜಾಣೆಯಾಗಲು ಹೋಗಿದ್ದಳು. ವಿಧವೆ ಎಂಬ ಹೇಸಿಗೆಯನ್ನು ತಾನೇ ಕೈಯಾರೆ ಹುಡುಗಿಯ ಉಡಿಗೆ ಹಾಕಿದ್ದಳು. ಹಾಕಿದ್ದು ಕೆಲಸ ಮಾಡದೆ ಇರುತ್ತದೆಯೇ? ಥೂ ನಿನ್ನ ಬಾಳಿಗೆ ಎಂದು ತನಗೇ ಹೇಳಿಕೊಂಡಳು.

“ಮಂಜರಿ, ಅಳು ನಿಲ್ಲಿಸಿ ಕೇಳು. ನಿನ್ನ ಅವ್ವಗ ಹೇಳು. ಈಗ, ಅಲ್ಲೇ.”

“ಅವ್ವ ನನ್ನ ಹೊಲಸ ಅಂದ್ರ?”

“ಅನ್ನಲಿ. ನನಗ ಊರ ಮಂದಿ ಎಲ್ಲಾ ಅಂದಾರ, ನಾ ಸತ್ತಿಲ್ಲ. ನನ್ನ ಮಗಳು ಸತ್ತಳು. ಯಾಕಂದ್ರ ಒಬ್ರೂ ಹೇಳಲಿಲ್ಲ. ನಿನ್ನ ಮಾತು ನಾ ಹೇಳಾಕ ಬರಂಗಿಲ್ಲವಾ. ನೀನ ಹೇಳಬೇಕು.”

ಮಂಜರಿ ಫೋನು ಇಟ್ಟಿರಲಿಲ್ಲ, ಕೈ ಕೆಳಗಿಳಿಸಿದ್ದಳು ಅಷ್ಟೇ. ಮರಾಠಿಯಲ್ಲಿ ಬಸ್ಸುಗಳ ಹೆಸರು ಕೂಗುವ ದನಿ, ಕಡಲೆ ಮಾರುವವನ ದನಿ, ಅದರ ನಡುವೆ ಹುಡುಗಿಯ ತಡವರಿಸುವ ಮಾತು. ಮದುವೆಗೆ ಮೊದಲೇ ಅವರಿಗೆ ಗೊತ್ತಿತ್ತು ಅವ್ವಾ ಎಂದದ್ದು ಕೇಳಿಸಿತು. ಕೂಸು ಎಂದದ್ದು ಕೇಳಿಸಿತು. ಬೋರಮ್ಮ ಕಿರುಚುತ್ತಾಳೆ, ಬಡಿದುಕೊಳ್ಳುತ್ತಾಳೆ ಎಂದು ಶಿವಗಂಗವ್ವ ಕಿವಿ ಗಟ್ಟಿ ಮಾಡಿಕೊಂಡು ಕಾದಳು. ಬದಲಿಗೆ ಮಂಜರಿ “ಅವ್ವಾ, ಅಲ್ಲಿ ಇಳೀಬ್ಯಾಡ, ಗಾಜು ಅದಾವ, ಹೊಲಸದ ಅವ್ವಾ” ಎಂದು ಕೂಗುವುದು ಕೇಳಿಸಿತು. ಹಂದಿಗಳು ಗುರುಗುಟ್ಟಿದವು. ಯಾವನೋ ಒಬ್ಬ ಮರಾಠಿಯಲ್ಲಿ, ಈ ಮುದುಕಿಗೆ ಹುಚ್ಚು ಹಿಡಿದಿದೆ ಎಂದು ನಕ್ಕ. ಶಿವಗಂಗವ್ವನ ಸುತ್ತ ಹಮಾಲರು ನಿಂತು ಏನಾಯಿತು ಎಂದು ಕೇಳುತ್ತಿದ್ದರು. ಅವಳು ಕೈಯಿಂದಲೇ ಸುಮ್ಮನಿರಿ ಎಂದಳು.

ಕಾಲು ಗಂಟೆಯಾದ ಮೇಲೆ ಫೋನಿನಲ್ಲಿ ಏದುಸಿರಿನ ಬೇರೆ ದನಿ ಬಂತು.

“ನಾ ಬೋರಮ್ಮ ಮಾತಾಡ್ತೀನ್ರಿ. ಕೈ ತುಂಬ ಹೊಲಸ ಆಗೇದ, ಹುಡುಗಿ ಫೋನ್ ನನ್ನ ಕಿವಿಗಿ ಹಿಡದಾಳ. ಎರಡು ಡಬ್ಬಿ ಸಿಕ್ಕಾವ, ಮುಚ್ಚಳ ಗಟ್ಟಿ ಅದಾವ. ಇನ್ನೊಂದು ಸಿಗವಲ್ದು. ಎರಡು ಎಷ್ಟು ದಿನ ಬರ್ತಾವ್ರಿ?”

“ಎರಡು ತಿಂಗಳ್ರಿ” ಎಂದಳು ಶಿವಗಂಗವ್ವ. “ಅಷ್ಟರಾಗ ವಿಜಾಪುರದ ದವಾಖಾನಿಗಿ ಕರಕೊಂಡು ಹೋಗ್ರಿ, ಅಲ್ಲಿ ಪುಕ್ಕಟೆ ಕೊಡ್ತಾರ. ಹಡದಮ್ಯಾಲೆ ಕೂಸಿಗೂ ಔಷಧ ಹಾಕ್ತಾರ.”

“ದಿನಾ ಎಷ್ಟು ಗಂಟೆಕ್ಕ ನುಂಗಬೇಕು?”

“ರಾತ್ರಿ ಒಂಬತ್ತಕ್ಕರಿ.”

“ಒಂಬತ್ತಕ್ಕ. ನಾನ ಕೈಯಾರೆ ನುಂಗಸ್ತೀನಿ.” ಬೋರಮ್ಮ ಉಸಿರು ಎಳೆದುಕೊಂಡಳು. “ಅಲ್ರಿ, ನೀವು ನಿನ್ನೆ ನನ್ನ ಮುಂದನ ನಿಂತಿದ್ರಿ. ಅಕಿ ಅತ್ತಿಗಿ ಗೊತ್ತಿತ್ತು, ದವಾಖಾನ್ಯಾಗಿನವರಿಗಿ ಗೊತ್ತಿತ್ತು, ನಿಮಗ ಗೊತ್ತಿತ್ತು. ಒಂಬತ್ತು ತಿಂಗಳು ಅಕಿನ್ನ ಹೊಟ್ಯಾಗ ಇಟಗೊಂಡಾಕಿ ನಾ. ನನ್ನ ಮಗಳನ್ನ ನಾ ಹೊಲಸ ಅಂತೀನಿ ಅಂತ ನನ್ನ ಒಂದ್ ಮಾತ ಕೇಳದ ನೀವೆಲ್ಲಾರೂ ಹೆಂಗ ತಿಳಕೊಂಡ್ರಿ?”